ಎರಡು ಎಕರೆ ಇಳಿಜಾರಿನಲ್ಲಿ ಕ್ಯಾರವಾನ್ ಪಾರ್ಕ್: ಬಂದವರಿಗೆ ನಿಜವಾಗಿ ಬೇಕಾಗಿರುವುದೇನು?

ಪ್ರಶ್ನೆ: ನಮ್ಮದು ಸಕಲೇಶಪುರದ ಹತ್ತಿರ 12 ಎಕರೆ ಕಾಫಿ ತೋಟ. ಆರು ವರ್ಷದಿಂದ ಮೂರು ಕೋಣೆಯ ಹೋಂಸ್ಟೇ ನಡೆಸುತ್ತಿದ್ದೇವೆ. ರಸ್ತೆ ಬದಿಗೆ ಎರಡು ಎಕರೆ ಇಳಿಜಾರು ಜಾಗ ಖಾಲಿ ಇದೆ, ಅಲ್ಲಿ ಕ್ಯಾರವಾನ್ ಪಾರ್ಕ್ ಮಾಡೋಣ ಅಂತ ಬೆಂಗಳೂರಿನಲ್ಲಿರುವ ಮಗ ಹಟ ಹಿಡಿದಿದ್ದಾನೆ. ಪ್ಲಾನ್ ಹಾಕಿಕೊಡುವವರೊಬ್ಬರು 20 ಗಾಡಿಗೆ ಜಾಗ, ಈಜುಕೊಳ, ರಾತ್ರಿಗೆ ಬಣ್ಣದ ಲೈಟು ಎಲ್ಲ ಸೇರಿಸಿ ನಕ್ಷೆ ಕೊಟ್ಟಿದ್ದಾರೆ. "ಗಾಡಿ ಒಳಗೇ ಟಾಯ್ಲೆಟ್, ಅಡುಗೆಮನೆ ಇರುತ್ತೆ, ನೀವು ಜಾಗ ಮತ್ತು ಕರೆಂಟ್ ಕೊಟ್ಟರೆ ಸಾಕು" ಅಂದರು. ಆದರೆ ಕಳೆದ ವರ್ಷ ನಮ್ಮಲ್ಲಿಗೆ ಎರಡು ಕ್ಯಾರವಾನ್ ಬಂದಿದ್ದವು. ಒಂದರ ಹಿಂದಿನ ಚಕ್ರ ಅಕ್ಟೋಬರ್ ಮಳೆಗೆ ಹೂತುಹೋಗಿ ಟ್ರ್ಯಾಕ್ಟರ್ ತರಿಸಿ ಎಳೆಸಬೇಕಾಯಿತು. ಇನ್ನೊಂದರವರು ಬೆಳಗ್ಗೆ ಬಂದು "ಟಾಯ್ಲೆಟ್ ಟ್ಯಾಂಕ್ ಎಲ್ಲಿ ಖಾಲಿ ಮಾಡೋದು?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಕಾಫಿ ಒಣಗಿಸುವ ಕಣದಲ್ಲೇ ಗಾಡಿ ನಿಲ್ಲಿಸಿದರೆ ಆಗುತ್ತಾ? ಟಾಯ್ಲೆಟ್ ಬೇರೆ ಕಟ್ಟಬೇಕಾ? ಬಂದವರು ಮತ್ತೆ ಬರುವಂಥ ಪಾರ್ಕ್ ಹೇಗಿರಬೇಕು? ಸಾಲ ಮಾಡುವ ಮೊದಲು ತಿಳಿದುಕೊಳ್ಳಬೇಕು.
(ಓದುಗರೊಬ್ಬರು, ಸಕಲೇಶಪುರ ತಾಲ್ಲೂಕು)

ಉತ್ತರ:

ಮೇಡಂ, ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಮಾತು ಆ ಎರಡು ಗಾಡಿಗಳದ್ದು. ಒಂದರ ಚಕ್ರ ಹೂತಿತು, ಇನ್ನೊಂದರ ಟ್ಯಾಂಕ್ ಖಾಲಿ ಮಾಡಲು ಜಾಗ ಇರಲಿಲ್ಲ. ನಿಮಗೆ ಕೊಟ್ಟ 20 ಗಾಡಿಯ ನಕ್ಷೆಯಲ್ಲಿ ಈ ಎರಡಕ್ಕೂ ಉತ್ತರ ಇದೆಯೇ? ನೀವು ಬರೆದದ್ದು ನೋಡಿದರೆ ಇಲ್ಲ ಅನ್ನಿಸುತ್ತದೆ. ಹಾಗಿದ್ದರೆ ಆ ನಕ್ಷೆಯನ್ನು ಸದ್ಯ ಪಕ್ಕಕ್ಕಿಡಿ.

ನಾನು ಸಿವಿಲ್ ಎಂಜಿನಿಯರ್. ನೆಲ, ನೀರು, ಚರಂಡಿ ನನ್ನ ಕೆಲಸ. ನಾಲ್ಕು ವರ್ಷ ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದಲ್ಲಿ ಕ್ಯಾರವಾನ್ ಪಾರ್ಕ್‌ಗಳ ಒಳಚರಂಡಿ ಮತ್ತು ಒಳರಸ್ತೆ ಕೆಲಸ ಮಾಡಿದ್ದೇನೆ. ವಾಪಸ್ ಬಂದ ಮೇಲೆ ಮಲೆನಾಡಿನ ಹೋಂಸ್ಟೇ, ಕ್ಯಾಂಪ್‌ಸೈಟ್‌ಗಳಿಗೆ ಇದೇ ಕೆಲಸ ಮಾಡಿಕೊಡುತ್ತೇನೆ. ಅಲ್ಲಿಯೂ ಇಲ್ಲಿಯೂ ನಾನು ಕಂಡದ್ದು ಒಂದೇ. ಕ್ಯಾರವಾನಿನಲ್ಲಿ ಬರುವವರು ಹಾಸಿಗೆ, ಒಲೆ, ಫ್ರಿಜ್ ಎಲ್ಲ ತಾವೇ ತರುತ್ತಾರೆ. ಗಾಡಿಯಲ್ಲಿ ಹೊತ್ತು ತರಲಾಗದ್ದು ಕೆಲವೇ ಕೆಲವು: ಮಟ್ಟಸವಾದ ಒಣ ನೆಲ, ಸರಿಯಾದ ಕರೆಂಟ್, ಒಳ್ಳೆಯ ನೀರು, ಕೊಳೆ ನೀರು ಬಿಡಲು ಜಾಗ, ಮತ್ತೆ ನಿಶ್ಚಿಂತೆಯ ನಿದ್ದೆ. ಇವಿಷ್ಟು ಇದ್ದರೆ ಈಜುಕೊಳ ಇಲ್ಲ ಅಂತ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹಾಗಾಗಿ ನಿಮ್ಮ ದುಡ್ಡಿನ ಮುಕ್ಕಾಲು ಪಾಲು ಮೊದಲು ನೆಲದ ಕೆಳಗೆ ಹೋಗಬೇಕು. ಕಣ್ಣಿಗೆ ಕಾಣುವುದು ಆಮೇಲೆ.

ಈಗ "ಗಾಡಿ ಒಳಗೇ ಟಾಯ್ಲೆಟ್ ಇದೆ, ನೀವು ಕಟ್ಟಬೇಕಾಗಿಲ್ಲ" ಅನ್ನುವ ಮಾತಿಗೆ ಬರೋಣ. ಇದು ನಾನು ಅತಿ ಹೆಚ್ಚು ಕೇಳುವ ತಪ್ಪು ಮಾತು. ಸಣ್ಣ ಗಾಡಿಗಳಲ್ಲಿ ಟಾಯ್ಲೆಟ್ ಕೆಳಗೆ ಒಂದು ಪೆಟ್ಟಿಗೆ ಇರುತ್ತದೆ, ಹೊರಗಿನಿಂದ ಎಳೆದು ತೆಗೆಯುವಂಥದ್ದು, ಕ್ಯಾಸೆಟ್ ಅಂತ ಕರೆಯುತ್ತಾರೆ. ಅದರಲ್ಲಿ ಹಿಡಿಯುವುದು ಹೆಚ್ಚುಕಡಿಮೆ 20 ಲೀಟರ್. ಅದು ಕಾಗದ ಬಳಸುವ ಇಬ್ಬರ ಲೆಕ್ಕಕ್ಕೆ ಮಾಡಿದ ಪೆಟ್ಟಿಗೆ. ನಮ್ಮ ಮನೆಗಳಿಂದ ಹೊರಡುವುದು ಐದು ಜನ, ಅಜ್ಜಿ ಮೊಮ್ಮಗು ಸೇರಿ. ನಾವು ನೀರು ಬಳಸುವವರು. ಒಂದು ಸಲಕ್ಕೆ ಒಂದೂವರೆ ಲೀಟರ್ ಅಂತ ಹಿಡಿದರೂ 13 ಸಲಕ್ಕೆ ಪೆಟ್ಟಿಗೆ ತುಂಬಿತು. ಅಂದರೆ ಸಂಜೆ ಬಂದವರಿಗೆ ಮಾರನೇ ಬೆಳಗ್ಗೆಯ ಕಾಫಿ ಹೊತ್ತಿಗೆ ಟಾಯ್ಲೆಟ್ ಬಂದ್. ಬಸ್ ಚಾಸಿಯ ಮೇಲೆ ಕಟ್ಟಿದ ದೊಡ್ಡ ಗಾಡಿಗಳಲ್ಲಿ ಟ್ಯಾಂಕ್ ದೊಡ್ಡದಿರುತ್ತದೆ, ಆದರೆ ಜನರೂ ಜಾಸ್ತಿ ಇರುತ್ತಾರೆ.

ಸ್ನಾನದ್ದೂ ಇದೇ ಕಥೆ. ಗಾಡಿಯ ನೀರಿನ ಟ್ಯಾಂಕ್ 100 ಲೀಟರ್ ಅಂದುಕೊಳ್ಳಿ. ಒಬ್ಬರಿಗೆ ಒಂದು ಬಕೆಟ್ ಅಂದರೆ 20 ಲೀಟರ್. ಐದು ಜನ ಸ್ನಾನ ಮಾಡಿದರೆ ಪಾತ್ರೆ ತೊಳೆಯಲೂ ನೀರಿಲ್ಲ. ಅದಕ್ಕೇ ಗಾಡಿಯ ಒಳಗಿನ ಶೌಚಾಲಯ ರಾತ್ರಿ ಹೊತ್ತಿಗೆ, ದಾರಿಯಲ್ಲಿ ಅರ್ಜೆಂಟಿಗೆ ಅಂತ ಇರುವಂಥದ್ದು. ಬೆಳಗ್ಗೆ ಎದ್ದ ಮೇಲೆ ಎಲ್ಲರೂ ನಿಮ್ಮ ಕಟ್ಟಡದ ಕಡೆಗೇ ನಡೆದು ಬರುತ್ತಾರೆ. ಆಸ್ಟ್ರೇಲಿಯದಲ್ಲೂ ಹಾಗೇ ಬರುತ್ತಿದ್ದರು, ಟವೆಲ್ ಹೆಗಲಿಗೆ ಹಾಕಿಕೊಂಡು. ಪಾರ್ಕ್ ಚೆನ್ನಾಗಿದೆಯೇ ಇಲ್ಲವೇ ಅಂತ ಅವರು ಮಾತಾಡಿಕೊಳ್ಳುವುದು ಬಹುಪಾಲು ಆ ಬಚ್ಚಲುಮನೆಯ ನೆಲ ಒಣಗಿದೆಯೇ, ಬಿಸಿನೀರು ಬರುತ್ತದೆಯೇ, ಚಿಲಕ ಕೂರುತ್ತದೆಯೇ ಅನ್ನುವುದರ ಮೇಲೆ.

ಆದ್ದರಿಂದ ಕಟ್ಟಿ, ಚೆನ್ನಾಗಿಯೇ ಕಟ್ಟಿ. ನಿಮಗೆ 20 ಅಲ್ಲ, ಆರು ಗಾಡಿ ಸಾಕು, ಯಾಕೆ ಅಂತ ಕೊನೆಗೆ ಹೇಳುತ್ತೇನೆ. ಆರು ಗಾಡಿಗೆ ನಾಲ್ಕು ಟಾಯ್ಲೆಟ್, ನಾಲ್ಕು ಸ್ನಾನದ ಕೋಣೆ ಸಾಕು. ಹೆಂಗಸರದ್ದು, ಗಂಡಸರದ್ದು ಬೇರೆ ಬೇರೆ ಬಾಗಿಲು. ಒಂದಾದರೂ ಮೆಟ್ಟಿಲಿಲ್ಲದೆ ಒಳಗೆ ಹೋಗುವಂತಿರಲಿ, ಗೋಡೆಗೆ ಹಿಡಿದುಕೊಳ್ಳಲು ಕಂಬಿ ಇರಲಿ, ಯಾಕೆಂದರೆ ಮಂಡಿನೋವಿನ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಲು ಸುಲಭ ಅಂತಲೇ ಎಷ್ಟೋ ಮಂದಿ ಕ್ಯಾರವಾನ್ ಹಿಡಿಯುತ್ತಾರೆ. ಬಟ್ಟೆ ನೇತುಹಾಕಲು ನಾಲ್ಕು ಮೊಳೆ, ಒದ್ದೆಯಾಗದ ಒಂದು ಕಟ್ಟೆ. ಇಷ್ಟು ಸಣ್ಣದನ್ನು ಮರೆತ ದುಬಾರಿ ಬಚ್ಚಲುಗಳನ್ನು ನಾನು ಎಷ್ಟೋ ನೋಡಿದ್ದೇನೆ. ಬಿಸಿನೀರಿಗೆ ನಿಮ್ಮಲ್ಲಿ ಹಂಡೆಯೋ ಸೌದೆ ಬಾಯ್ಲರೋ ಇರುತ್ತದೆ, ಮರಗಸಿ ಮಾಡಿದ ಸಿಲ್ವರ್ ಓಕ್ ಕೊಂಬೆ ಹೇಗೂ ಸಿಗುತ್ತದೆ. ಹಂಡೆ ನೀರಿನ ಸ್ನಾನ ಬೆಂಗಳೂರಿನಿಂದ ಬಂದವರಿಗೆ ಎಷ್ಟು ಖುಷಿ ಕೊಡುತ್ತದೆ ಅಂತ ಹೋಂಸ್ಟೇ ನಡೆಸುವ ನಿಮಗೆ ನಾನು ಹೇಳಬೇಕಾಗಿಲ್ಲ.

ಇನ್ನು ಆ ಬೆಳಗಿನ ಪ್ರಶ್ನೆ. ಟ್ಯಾಂಕ್ ಎಲ್ಲಿ ಖಾಲಿ ಮಾಡುವುದು? ಇದಕ್ಕೆ ಒಂದು ಪ್ರತ್ಯೇಕ ಜಾಗ ಬೇಕು, ಡಂಪ್ ಪಾಯಿಂಟ್ ಅಂತಾರೆ. ಆರಡಿ ಚೌಕದ ಕಾಂಕ್ರೀಟ್ ನೆಲ, ನಾಲ್ಕೂ ಕಡೆಯಿಂದ ಮಧ್ಯಕ್ಕೆ ಇಳಿಜಾರು, ಮಧ್ಯದಲ್ಲಿ ನಾಲ್ಕಿಂಚು ಪೈಪಿನ ಬಾಯಿ, ಅದಕ್ಕೆ ವಾಸನೆ ತಡೆಯುವ ಟ್ರ್ಯಾಪು ಮತ್ತು ಬಿಗಿಯಾದ ಮುಚ್ಚಳ. ಪಕ್ಕದಲ್ಲಿ ತೊಳೆಯಲು ಒಂದು ನಲ್ಲಿ. ಈ ನಲ್ಲಿಗೂ ಕುಡಿಯುವ ನೀರು ತುಂಬಿಸಿಕೊಳ್ಳುವ ನಲ್ಲಿಗೂ ಸಾಕಷ್ಟು ದೂರ ಇರಲೇಬೇಕು, ಪೈಪ್ ಬಣ್ಣವೂ ಬೇರೆ ಇರಲಿ, ಕನ್ನಡ ಇಂಗ್ಲಿಷ್ ಎರಡರಲ್ಲೂ ದೊಡ್ಡದಾಗಿ ಬರೆಸಿ. ಅವಸರದಲ್ಲಿ ಒಬ್ಬರು ಕ್ಯಾಸೆಟ್ ತೊಳೆದ ಪೈಪನ್ನೇ ಇನ್ನೊಬ್ಬರು ಕುಡಿಯುವ ಟ್ಯಾಂಕಿಗೆ ಹಾಕುವುದನ್ನು ನಾನು ಕಣ್ಣಾರೆ ಕಂಡು ಓಡಿಹೋಗಿ ತಡೆದಿದ್ದೇನೆ.

ಡಂಪ್ ಪಾಯಿಂಟಿನ ಪೈಪನ್ನು ನಿಮ್ಮ ಮನೆಯ ಸೆಪ್ಟಿಕ್ ಟ್ಯಾಂಕಿಗೆ ಸೇರಿಸಿಬಿಡೋಣ ಅಂತ ಮೇಸ್ತ್ರಿ ಹೇಳಿಯೇ ಹೇಳುತ್ತಾರೆ. ಬೇಡ. ನಾನೂ ಶುರುವಿನಲ್ಲಿ ಒಂದು ಕಡೆ ಹಾಗೆ ಮಾಡಿಸಿದ್ದೆ. ಮೊದಲ ಎರಡು ವಾರ ಏನೂ ಆಗಲಿಲ್ಲ. ಮೂರನೇ ವಾರಾಂತ್ಯಕ್ಕೆ ವಾಸನೆ ಶುರುವಾಯಿತು, ತಿಂಗಳಾಗುವಷ್ಟರಲ್ಲಿ ಇಂಗುಗುಂಡಿಯ ಸುತ್ತ ಕಪ್ಪು ನೀರು ಮೇಲಕ್ಕೆ ಬಂತು. ಕಾರಣ ಇಷ್ಟೇ. ಕ್ಯಾಸೆಟ್ ಒಳಗೆ ವಾಸನೆ ಬಾರದಿರಲಿ ಅಂತ ಒಂದು ನೀಲಿ ದ್ರಾವಣ ಹಾಕಿರುತ್ತಾರೆ. ಅದರಲ್ಲಿ ಎಷ್ಟೋ ಬಗೆಯವುಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ಅದು ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಸೆಪ್ಟಿಕ್ ಟ್ಯಾಂಕ್ ಕೆಲಸ ಮಾಡುವುದೇ ಆ ಸೂಕ್ಷ್ಮಜೀವಿಗಳಿಂದ. ಅವು ಸತ್ತರೆ ಮಲ ಕರಗುವುದಿಲ್ಲ, ಹಾಗೇ ಹರಿದು ಇಂಗುಗುಂಡಿಯ ಜಲ್ಲಿಗೆ ಮೆತ್ತಿಕೊಳ್ಳುತ್ತದೆ. ಆಮೇಲೆ ಏನು ಮಾಡಿದರೂ ಅಗೆದು ಹೊಸದಾಗಿ ಮಾಡಿಸುವುದೇ ದಾರಿ. ಆ ಮನೆಯವರ ಮುಖ ನನಗೆ ಇವತ್ತಿಗೂ ನೆನಪಿದೆ.

ನಿಮಗೆ ಎರಡು ದಾರಿ ಇದೆ. ಒಂದು, ಡಂಪ್ ಪಾಯಿಂಟಿಗೆ ಪೂರ್ತಿ ಮುಚ್ಚಿದ ಪ್ರತ್ಯೇಕ ತೊಟ್ಟಿ ಕಟ್ಟಿ, ತುಂಬಿದಾಗ ಸಕ್ಕಿಂಗ್ ಗಾಡಿ ಕರೆಸುವುದು. ಇದು ಸರಳ. ಆದರೆ ಸಕಲೇಶಪುರದ ಮಳೆಗಾಲದಲ್ಲಿ ಕರೆದ ದಿನ ಗಾಡಿ ಬರುತ್ತದೆ ಅಂತ ನಂಬಬೇಡಿ, ಎರಡು ತಿಂಗಳಿಗೆ ಸಾಲುವಷ್ಟು ದೊಡ್ಡದಾಗಿ ಕಟ್ಟಿಸಿ. ಇನ್ನೊಂದು, ಸೂಕ್ಷ್ಮಜೀವಿಗಳನ್ನು ಕೊಲ್ಲದ ಜೈವಿಕ ದ್ರಾವಣ ಹಾಕಿದ ಗಾಡಿಗಳಿಗೆ ಮಾತ್ರ ಅವಕಾಶ ಅಂತ ಬುಕಿಂಗ್ ಸಮಯದಲ್ಲೇ ಹೇಳಿ, ಬಂದವರಿಗೆ ನೀವೇ ಅದನ್ನು ಕೊಡುವುದು, ಪಾರ್ಕಿಗೆಂದೇ ಬೇರೆ ಸೆಪ್ಟಿಕ್ ಟ್ಯಾಂಕ್ ಮಾಡಿಸುವುದು. ಇದರಲ್ಲಿ ತೊಂದರೆ ಅಂದರೆ ಒಬ್ಬರು ಮಾತು ಮೀರಿದರೂ ನಷ್ಟ ನಿಮಗೇ. ನಾನಾದರೆ ಮೊದಲನೆಯದನ್ನೇ ಮಾಡುತ್ತೇನೆ. ಇಂಗುಗುಂಡಿ ಎಲ್ಲೇ ಬರಲಿ, ಬಾವಿಯಿಂದ 18 ಮೀಟರ್ ಒಳಗೆ ಬರಲೇಬಾರದು. ನಿಮ್ಮಂಥ ಇಳಿಜಾರಿನಲ್ಲಿ ನಾನು 30 ಮೀಟರ್ ಬಿಡಿಸುತ್ತೇನೆ, ಅದೂ ಬಾವಿಗಿಂತ ಕೆಳಗಡೆ.

ಸ್ನಾನದ್ದು, ಪಾತ್ರೆ ತೊಳೆದದ್ದು, ಈ ಬೂದು ನೀರಿಗೆ ಎಲ್ಲರೂ ಬಾಳೆ ಹಾಕಿ ಅಂತಾರೆ. ಬಯಲುಸೀಮೆಯಲ್ಲಿ ನಾನೂ ಅದನ್ನೇ ಹೇಳುತ್ತೇನೆ. ನಿಮ್ಮಲ್ಲಿ ಮಾತ್ರ ಹಾಕಬೇಡಿ. ಸಕಲೇಶಪುರ, ಆಲೂರು ಕಡೆ ಆನೆ ತೋಟದೊಳಗೆ ಬರುವುದು ನಿಮಗೇ ಚೆನ್ನಾಗಿ ಗೊತ್ತು. ಮಕ್ಕಳು ಮಲಗಿರುವ ಜಾಗದ ಪಕ್ಕದಲ್ಲಿ ಬಾಳೆ ಬೆಳೆಸಿದರೆ ಆನೆ ಕರೆದಂತಾಗುತ್ತದೆ. ಕ್ಯಾನಾ ಹೂವಿನ ಗಿಡ ಹಾಕಿ, ಅದೂ ನೀರು ಚೆನ್ನಾಗಿ ಕುಡಿಯುತ್ತದೆ. ಆ ಎರಡು ಎಕರೆಯಲ್ಲಿ ಹಲಸಿನ ಮರ ಇದ್ದರೆ ಗಾಡಿ ನಿಲ್ಲುವ ಜಾಗ ಅದರಿಂದ ದೂರ ಇರಲಿ, ಕಾಯಿಗಳನ್ನು ಹಣ್ಣಾಗುವ ಮೊದಲೇ ಇಳಿಸಿಬಿಡಿ. ಉಳಿದ ಅನ್ನ, ಹಣ್ಣಿನ ಸಿಪ್ಪೆ ರಾತ್ರಿ ಹೊರಗೆ ಬಿಡುವಂತಿಲ್ಲ, ಮುಚ್ಚಳ ಭದ್ರ ಇರುವ ಡ್ರಮ್ ಇಟ್ಟು ಸಂಜೆಯೇ ನೀವು ತೆಗೆಸಬೇಕು. ಅರಣ್ಯ ಇಲಾಖೆಯವರ ಆನೆ ಇರುವಿಕೆಯ ಸಂದೇಶ ನಿಮ್ಮ ಊರಿಗೆ ಬರುತ್ತಿದ್ದರೆ ಅದನ್ನು ಸಂಜೆ ಎಲ್ಲ ಗಾಡಿಯವರಿಗೂ ಹೇಳಿ. ಮುಚ್ಚಿಡಬೇಡಿ. ಹೆದರಿ ಒಂದಿಬ್ಬರು ಹೊರಟರೂ ಪರವಾಗಿಲ್ಲ.

ನೆಲದ ವಿಷಯ. ಕಣದಲ್ಲಿ ನಿಲ್ಲಿಸಬಹುದೇ ಅಂತ ಕೇಳಿದ್ದೀರಿ. ಕಣ ಮಟ್ಟಸವಾಗಿದೆ, ನೀರು ಹರಿದುಹೋಗುತ್ತದೆ, ನೋಡಿದರೆ ಹೇಳಿ ಮಾಡಿಸಿದ ಹಾಗಿದೆ. ಎರಡು ತೊಂದರೆ ಇದೆ. ಒಂದು ಕಾಲದ್ದು. ಅರೇಬಿಕಾ ಕೊಯ್ಲು ನವೆಂಬರಿನಿಂದ, ರೊಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ. ಕ್ರಿಸ್ಮಸ್, ಸಂಕ್ರಾಂತಿ ರಜೆಗೆ ಜನ ಮುಗಿಬೀಳುವುದೂ ಆಗಲೇ. ಕಣ ನಿಮಗೆ ಬೇಕಾದಾಗಲೇ ಅವರಿಗೂ ಬೇಕು. ಎರಡನೆಯದು ಭಾರ. ಕಾಫಿ ಹರಡಲು ಹಾಕಿದ ಕಾಂಕ್ರೀಟು ಮೂರು ನಾಲ್ಕಿಂಚು ಇರುತ್ತದೆ, ಕೆಳಗೆ ಗಟ್ಟಿ ತಳವೂ ಇರುವುದಿಲ್ಲ. ಟೆಂಪೋ ಟ್ರಾವೆಲರ್ ಮೇಲೆ ಕಟ್ಟಿದ ಕ್ಯಾರವಾನ್ ನೀರು, ಜನ, ಸಾಮಾನು ಸೇರಿದರೆ ನಾಲ್ಕು ಟನ್ನಿನ ಆಸುಪಾಸು. ಬಸ್ ಚಾಸಿಯದ್ದು ಅದರ ಎರಡು ಪಟ್ಟು. ಒಂದೆರಡು ಸಲ ಏನೂ ಆಗದು, ವರ್ಷ ತುಂಬುವುದರೊಳಗೆ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ತೇವ ನಿಂತು ಬೂಷ್ಟು ಹಿಡಿದರೆ ಕಾಫಿಗೆ ಕುತ್ತು. ಡೀಸೆಲ್ ಹನಿ ಬಿದ್ದರೂ ಅಷ್ಟೇ. ಕಾಫಿ ಕಣ ಕಾಫಿಗೇ ಇರಲಿ.

ಇಳಿಜಾರಿನ ಎರಡು ಎಕರೆಯಲ್ಲಿ 20 ಗಾಡಿ ಅನ್ನುವುದರಲ್ಲಿ ನನಗೆ ಹೆದರಿಕೆ ಆಗುವುದು ಇಲ್ಲಿ. ಐದು ಮೀಟರ್ ಹೋದರೆ ಒಂದು ಮೀಟರ್ ಇಳಿಯುವ ಜಾಗ ಅಂದುಕೊಳ್ಳಿ. ಗಾಡಿಯನ್ನು ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಲು 10 ಮೀಟರ್ ಉದ್ದದ ತಟ್ಟು (ಮೆಟ್ಟಿಲಿನಂಥ ಮಟ್ಟಸ ಜಾಗ) ಕಡಿದರೆ ಎರಡು ಮೀಟರ್ ಎತ್ತರದ ವ್ಯತ್ಯಾಸ ಬರುತ್ತದೆ. ಮೇಲೆ ಕಡಿದ ಮಣ್ಣನ್ನು ಕೆಳಗೆ ತುಂಬುತ್ತಾರೆ. ಹಾಗೆ ತುಂಬಿದ ಮಣ್ಣು ಮೊದಲ ಮಳೆಗಾಲದಲ್ಲೇ ಕುಸಿಯುತ್ತದೆ, ಕಡಿದ ಗೋಡೆಯ ಬುಡಕ್ಕೆ ನೀರು ಇಳಿದರೆ ಮೇಲಿನ ಮಣ್ಣೂ ಜಾರುತ್ತದೆ. ಶಿರಾಡಿ ಘಾಟಿಯಲ್ಲಿ ರಸ್ತೆ ಅಗಲ ಮಾಡಲು ಗುಡ್ಡ ಕಡಿದ ಕಡೆ ಮಳೆಗಾಲದಲ್ಲಿ ಏನಾಗುತ್ತದೆ ಅಂತ ನೀವು ನೋಡುತ್ತಲೇ ಇದ್ದೀರಿ. ವರ್ಷಕ್ಕೆ 2000 ಮಿಲಿಮೀಟರ್ ದಾಟಿ ಮಳೆ ಬೀಳುವ ಜಾಗದಲ್ಲಿ ಗುಡ್ಡದ ಬುಡ ಕಡಿಯುವುದು ಅಂದರೆ ಮಲಗಿರುವ ಜನರ ಜೀವದ ಪ್ರಶ್ನೆ.

ಅದರ ಬದಲು ಗಾಡಿಯನ್ನು ಇಳಿಜಾರಿಗೆ ಅಡ್ಡಲಾಗಿ ನಿಲ್ಲಿಸಿ. ಕಾಫಿ ಗಿಡ ಸಾಲು ಹಾಕುವಾಗ ಸಮಪಾತಳಿ ನೋಡುತ್ತೀರಲ್ಲ, ಅದೇ ಲೆಕ್ಕ. ಆಗ ತಟ್ಟಿನ ಅಗಲ ಐದು ಮೀಟರ್ ಸಾಕು, ಎತ್ತರದ ವ್ಯತ್ಯಾಸ ಒಂದೇ ಮೀಟರ್, ಒಂದು ಸೈಜುಕಲ್ಲಿನ ಗೋಡೆ ಅದನ್ನು ಹಿಡಿದುಕೊಳ್ಳುತ್ತದೆ. ಗೋಡೆಯಲ್ಲಿ ನೀರು ಸೋರಿಹೋಗಲು ತೂತು ಬಿಡಿಸಿ. ತಟ್ಟಿನ ಮೇಲ್ಬದಿಗೆ ಚರಂಡಿ ತೆಗೆದು ಮಳೆನೀರನ್ನು ಆಚೆ ತಿರುಗಿಸಿ, ಗಾಡಿಯ ಕೆಳಗೆ ಬಂದ ಮೇಲೆ ಏನು ಮಾಡೋಣ ಅಂತ ಯೋಚಿಸಬೇಡಿ.

ನಿಮ್ಮ ಅಕ್ಟೋಬರ್ ಗಾಡಿ ಯಾಕೆ ಹೂತಿತು ಗೊತ್ತಾ? ಹುಲ್ಲಿನ ಕೆಳಗೆ ಒಂದಡಿ ಮೆತ್ತನೆ ಮೇಲ್ಮಣ್ಣು. ಹಿಂದಿನ ಆಕ್ಸಲ್ ಮೇಲೆ ನೀರಿನ ಟ್ಯಾಂಕು, ಬ್ಯಾಟರಿ, ಹಾಸಿಗೆ ಎಲ್ಲದರ ಭಾರ. ಮೇಲೆ ಜಲ್ಲಿ ಸುರಿದರೆ ಅದೂ ಒಳಗೇ ಹೋಗುತ್ತದೆ. ಮೇಲ್ಮಣ್ಣನ್ನು ಪೂರ್ತಿ ತೆಗೆಸಿ (ತೋಟಕ್ಕೆ ಹಾಕಿಕೊಳ್ಳಿ, ಚಿನ್ನದಂಥ ಮಣ್ಣು), ಕೆಳಗಿನ ಗಟ್ಟಿ ನೆಲಕ್ಕೆ ರೋಲರ್ ಹೊಡೆಸಿ, ತಳಕ್ಕೆ ದಪ್ಪನೆಯ ಸೋಲಿಂಗ್ ಕಲ್ಲು, ಆಮೇಲೆ 40 ಎಂಎಂ ಜಲ್ಲಿ, ಮೇಲೆ ವೆಟ್‌ಮಿಕ್ಸ್ (ಜಲ್ಲಿ, ಕಲ್ಲುಪುಡಿ, ನೀರು ಸೇರಿಸಿ ಕಲಸಿದ್ದು), ಪ್ರತಿ ಪದರಕ್ಕೂ ರೋಲರ್. ಚಕ್ರ ಓಡುವ ಎರಡು ಪಟ್ಟಿ ಮಾತ್ರ ಕಾಂಕ್ರೀಟ್ ಹಾಕಿ ನಡುವೆ ಹುಲ್ಲು ಬಿಟ್ಟರೆ ಚೆನ್ನ. ಉದ್ದಕ್ಕೆ ನೂರಕ್ಕೆ ಒಂದರಷ್ಟು ಇಳಿಜಾರು ಸಾಕು, ಆರು ಮೀಟರ್ ಗಾಡಿಗೆ ಆರು ಸೆಂಟಿಮೀಟರ್. ಅದಕ್ಕಿಂತ ಜಾಸ್ತಿಯಾದರೆ ಮಲಗಿದವರ ತಲೆ ಕೆಳಗಾಗುತ್ತದೆ, ಬಾಣಲೆಯ ಎಣ್ಣೆ ಒಂದೇ ಕಡೆ ಹರಿಯುತ್ತದೆ. ಯಾಕೆ ನಿದ್ದೆ ಬರಲಿಲ್ಲ ಅಂತ ಅವರಿಗೂ ಗೊತ್ತಾಗುವುದಿಲ್ಲ, ಜಾಗ ಸರಿ ಇಲ್ಲ ಅಂತ ಮಾತ್ರ ಅನ್ನಿಸುತ್ತದೆ.

ಗೇಟಿನಿಂದ ಒಳಗೆ ಬಂದ ಗಾಡಿ ಹಿಂದಕ್ಕೆ ಹೋಗದೆ ಸುತ್ತು ಹೊಡೆದು ಹೊರಗೆ ಹೋಗುವಂತೆ ಒಮ್ಮುಖ ದಾರಿ ಮಾಡಿ. ದೊಡ್ಡ ಗಾಡಿಗಳೂ ಬರಬೇಕು ಅಂದರೆ ತಿರುವಿಗೆ 12 ಮೀಟರ್ ತ್ರಿಜ್ಯ ಬಿಡಿ. ಮೇಲಿನ ಕೊಂಬೆ, ವೈರು ನಾಲ್ಕೂವರೆ ಮೀಟರಿಗಿಂತ ಕೆಳಗೆ ಇರಬಾರದು, ಗಾಡಿಯ ತಲೆ ಮೇಲೆ ಎಸಿ, ಸೋಲಾರ್ ಹಲಗೆ ಇರುತ್ತದೆ. ನೆರಳಿಗೆಂದು ಸಿಲ್ವರ್ ಓಕ್ ಬುಡದಲ್ಲಿ ನಿಲ್ಲಿಸುವ ಆಸೆ ಎಲ್ಲರಿಗೂ. ಮುಂಗಾರಿನ ಗಾಳಿಗೆ ಅದರ ಕೊಂಬೆ ಮುರಿದು ಬೀಳುವುದನ್ನು ನೀವೇ ನೋಡಿರುತ್ತೀರಿ.

ಕರೆಂಟ್. ಎಸಿ ಒಂದೂವರೆ ಕಿಲೋವ್ಯಾಟ್, ಇಂಡಕ್ಷನ್ ಒಲೆ ಎರಡು, ಎರಡೂ ಒಟ್ಟಿಗೆ ಹಾಕಿದರೆ ಮೂರೂವರೆ. 16 ಆಂಪ್ಸ್ ಪಾಯಿಂಟ್ ಕೊಡುವುದೇ ಸುಮಾರು 3.7 ಕಿಲೋವ್ಯಾಟ್. ಹಾಗಾಗಿ ಪ್ರತಿ ಗಾಡಿಗೂ ಬೇರೆ ಬೇರೆ 16 ಆಂಪ್ಸ್ ಲೈನ್ ಬೇಕೇ ಬೇಕು. ಮನೆಯ ಐದು ಆಂಪ್ಸ್ ಪ್ಲಗ್ಗಿನಿಂದ ಎಕ್ಸ್‌ಟೆನ್ಷನ್ ಎಳೆದು ಕೊಡುವುದು ಬೆಂಕಿಗೆ ದಾರಿ. ನೀಲಿ ಬಣ್ಣದ, ಮೂರು ಪಿನ್ನಿನ, ಮುಚ್ಚಳ ಇರುವ ಇಂಡಸ್ಟ್ರಿಯಲ್ ಸಾಕೆಟ್ ಹಾಕಿಸಿ, ಮಳೆ ತಡೆಯುತ್ತದೆ. ಪ್ರತಿ ಸಾಕೆಟ್ಟಿಗೂ ಅದರದ್ದೇ 30 ಮಿಲಿಆಂಪ್ಸ್ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ತಾನಾಗಿ ಕಡಿದುಹಾಕುವ ಸ್ವಿಚ್. ಒಂದನ್ನೇ ಎಲ್ಲದಕ್ಕೂ ಹಾಕಿದರೆ ಒಬ್ಬರ ಗಾಡಿಯ ದೋಷಕ್ಕೆ ಎಲ್ಲರ ಕರೆಂಟ್ ಹೋಗುತ್ತದೆ, ಮಧ್ಯರಾತ್ರಿ ನಿಮ್ಮ ಬಾಗಿಲು ಬಡಿಯುತ್ತಾರೆ, ಎರಡನೇ ಸಲಕ್ಕೆ ಯಾರೋ ಅದನ್ನು ಬೈಪಾಸ್ ಮಾಡಿಬಿಡುತ್ತಾರೆ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಲೋಹದ ಗಾಡಿ ಮುಟ್ಟುವ ಮಗುವನ್ನು ಉಳಿಸುವುದು ಆ ಸಣ್ಣ ಪೆಟ್ಟಿಗೆ. ಅರ್ಥಿಂಗ್ ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಪರೀಕ್ಷೆ ಮಾಡಿಸಿ.

ಇನ್ನೊಂದು ವಿಷಯ ಎಲೆಕ್ಟ್ರಿಷಿಯನ್‌ಗಳೂ ಮರೆಯುತ್ತಾರೆ. 100 ಮೀಟರ್ ದೂರಕ್ಕೆ 2.5 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ಎಳೆದು 16 ಆಂಪ್ಸ್ ತೆಗೆದರೆ ದಾರಿಯಲ್ಲೇ ಸುಮಾರು 24 ವೋಲ್ಟ್ ಕಳೆದುಹೋಗುತ್ತದೆ. ತೋಟದ ಕಡೆ ಸಂಜೆ ವೋಲ್ಟೇಜ್ ಮೊದಲೇ ಕಡಿಮೆ. 200 ಇದ್ದದ್ದು ಗಾಡಿ ಮುಟ್ಟುವಾಗ 176. ಎಸಿ ಕಂಪ್ರೆಸರ್ ಏಳುವುದಿಲ್ಲ, ಗುಂಯ್ಗುಡುತ್ತಾ ಬಿಸಿಯಾಗುತ್ತದೆ. ಅದೇ ದೂರಕ್ಕೆ 6 ಸ್ಕ್ವೇರ್ ಹಾಕಿದರೆ 10 ವೋಲ್ಟ್, 10 ಸ್ಕ್ವೇರ್ ಹಾಕಿದರೆ ಆರು. ಕೇಬಲ್ಲಿನಲ್ಲಿ ದುಡ್ಡು ಉಳಿಸಬೇಡಿ. ಜನರೇಟರ್ ಇಡುವುದಾದರೆ ಗಾಡಿಗಳಿಂದ ದೂರ, ಗಾಳಿ ಬೀಸುವ ದಿಕ್ಕು ನೋಡಿ ಇಡಿ. ಅದರ ಹೊಗೆ ಮುಚ್ಚಿದ ಗಾಡಿಯೊಳಗೆ ತುಂಬಿದರೆ ಮಲಗಿದವರು ಏಳುವುದಿಲ್ಲ.

ಎರಡು ಗಾಡಿಗಳ ನಡುವೆ ಆರು ಮೀಟರ್ ಬಿಡಿ. ಇಂಗ್ಲೆಂಡಿನ ಮಾದರಿ ನಿಯಮಗಳಲ್ಲಿ ಈ ಆರು ಮೀಟರ್ ಇದೆ. ಅದು ಏಕಾಂತಕ್ಕಷ್ಟೇ ಅಲ್ಲ, ಒಂದಕ್ಕೆ ಬೆಂಕಿ ಬಿದ್ದರೆ ಇನ್ನೊಂದಕ್ಕೆ ಹಬ್ಬದಿರಲಿ ಅಂತ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಇಳಿಜಾರಿನಲ್ಲಿ ಕೆಳಗಿನ ತಟ್ಟಿಗೆ ಹರಿದು ತಗ್ಗಿನಲ್ಲಿ ಕೂರುತ್ತದೆ. ಹಾಗಾಗಿ ಕ್ಯಾಂಪ್‌ಫೈರ್ ಜಾಗ ಗಾಡಿಗಳಿಗಿಂತ ಮೇಲ್ಗಡೆ ಇರಲಿ. ಬುಕಿಂಗ್ ತೆಗೆದುಕೊಳ್ಳುವಾಗ ಆರ್‌ಸಿ ಕೇಳಿ, ಕ್ಯಾಂಪರ್ ಅಂತಲೇ ನೋಂದಾಯಿಸಿದ ಗಾಡಿಯೇ ನೋಡಿ. ನಮ್ಮಲ್ಲಿ ಮೋಟಾರ್ ಕ್ಯಾರವಾನ್‌ಗಳಿಗೆ ಎಐಎಸ್-124 ಅನ್ನುವ ಮಾನದಂಡ ಇದೆ. ಹಳೇ ವ್ಯಾನಿಗೆ ತಾವೇ ಸಿಲಿಂಡರ್ ಕೂರಿಸಿಕೊಂಡು ಬಂದವರನ್ನು ಮರ್ಯಾದೆಯಿಂದಲೇ ಹೊರಗಿನ ಅಡುಗೆ ಕಟ್ಟೆ ಬಳಸಲು ಹೇಳಿ.

ಆ ಅಡುಗೆ ಕಟ್ಟೆ ಬಗ್ಗೆ ಎರಡು ಮಾತು. ಒಂದು ದೊಡ್ಡ ಸೂರು ಮಾಡಿ. ಹೆಂಚೋ ಶೀಟೋ, ಯಾವುದಾದರೂ ಸರಿ. ಕೆಳಗೆ ಕಲ್ಲಿನ ಕಟ್ಟೆ, ಎರಡು ಸಿಂಕು, ಬೆಂಚುಗಳು. ಮಲೆನಾಡಿನ ಮಳೆ ಮೂರು ದಿನ ಬಿಡದೆ ಹೊಡೆದಾಗ ಐದು ಜನ ಆರು ಮೀಟರ್ ಗಾಡಿಯೊಳಗೆ ಎಷ್ಟು ಹೊತ್ತು ಕೂರುತ್ತಾರೆ? ಮಕ್ಕಳು ಆಡಲು, ಒದ್ದೆ ಬಟ್ಟೆ ಹರಡಲು, ಪಕ್ಕದ ಗಾಡಿಯವರ ಜೊತೆ ಮಾತಾಡಲು ಒಂದು ಒಣ ಜಾಗ ಬೇಕು. ನಿಮ್ಮ ಈಜುಕೊಳದ ದುಡ್ಡು ಇಲ್ಲಿಗೆ ಬರಲಿ.

ಇದೆಲ್ಲದರ ನಡುವೆ ಹೊರದೇಶದ ಯಾವ ಪಟ್ಟಿಯಲ್ಲೂ ಸಿಗದ, ನಮ್ಮಲ್ಲಿ ಮಾತ್ರ ಬೇಕಾದ ಒಂದು ವಿಷಯ ಹೇಳಲೇಬೇಕು. ಡ್ರೈವರ್. ಇಲ್ಲಿ ಬಾಡಿಗೆ ಕ್ಯಾರವಾನ್ ಸಾಮಾನ್ಯವಾಗಿ ಡ್ರೈವರ್ ಸಮೇತ ಬರುತ್ತದೆ. ಮನೆಯವರು ಒಳಗೆ ಮಲಗುತ್ತಾರೆ, ಅವರು ಮುಂದಿನ ಸೀಟಿನಲ್ಲಿ ಮುದುಡಿಕೊಂಡು ರಾತ್ರಿ ಕಳೆಯುತ್ತಾರೆ, ಅಥವಾ ಗಾಡಿ ಕೆಳಗೆ ಚಾಪೆ ಹಾಸಿಕೊಳ್ಳುತ್ತಾರೆ. ಮಾರನೇ ದಿನ ಅದೇ ಮನುಷ್ಯ ಶಿರಾಡಿ ಘಾಟಿ ಇಳಿಸಬೇಕು. ಅವರಿಗೆ ಮಂಚ, ಸೊಳ್ಳೆಪರದೆ, ಫೋನ್ ಚಾರ್ಜಿಗೆ ಪ್ಲಗ್ ಇರುವ ಒಂದು ಕೋಣೆ, ಬೇರೆ ಸ್ನಾನದ ಮನೆ, ಬಿಸಿ ಊಟ. ಇದು ಮೊದಲ ದಿನದಿಂದಲೇ ಇರಬೇಕು. ಆಮೇಲೆ ನೋಡೋಣ ಅಂತ ಬಿಡುವ ವಿಷಯ ಅಲ್ಲ. ಎಲ್ಲಿಗೆ ಹೋಗೋಣ ಅಂತ ಮನೆಯವರು ಕೇಳಿದಾಗ ನಿಮ್ಮ ಹೆಸರು ಹೇಳುವವರೂ ಅವರೇ.

ಲೈಟು, ಸದ್ದು ಬೇಗ ಹೇಳಿ ಮುಗಿಸುತ್ತೇನೆ. ಬಣ್ಣದ ಲೈಟು ಬೇಡ. ದಾರಿಗೆ ಮಂಡಿ ಎತ್ತರದ ಹಳದಿ ಲೈಟು, ಬಚ್ಚಲುಮನೆಗೆ ಹೋಗುವ ದಾರಿ ಮಾತ್ರ ರಾತ್ರಿಯಿಡೀ ಕಾಣುವಂತಿರಲಿ. ಉಳಿದದ್ದು ಕತ್ತಲೆ ಇರಲಿ, ನಕ್ಷತ್ರ ನೋಡಲೆಂದೇ ಜನ ಬರುತ್ತಾರೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ ಅಂತ ಕಾನೂನೇ ಇದೆ. ಬುಕಿಂಗಿನಲ್ಲೇ ಬರೆದುಬಿಡಿ. ಒಂದು ಗುಂಪಿನ ಸ್ಪೀಕರ್‌ಗೆ ಸುಮ್ನಿದ್ದರೆ ಐದು ಕುಟುಂಬ ಕಳೆದುಕೊಳ್ಳುತ್ತೀರಿ.

ಹಾಗಾದರೆ ಎಷ್ಟು ಗಾಡಿ? ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಯೋಜನೆ ತಂದಾಗ ಒಂದು ಪಾರ್ಕಿಗೆ ಕನಿಷ್ಠ 50 ಸೆಂಟ್ಸ್ ಜಾಗ, ಕನಿಷ್ಠ ಐದು ಗಾಡಿ ಅಂತ ಇಟ್ಟುಕೊಂಡಿತ್ತು. ಅಂದರೆ 20 ಗುಂಟೆ. ಆ ಲೆಕ್ಕಕ್ಕೆ ಎರಡು ಎಕರೆಗೆ 20 ಗಾಡಿ ಹಿಡಿಸುತ್ತದೆ ಅನ್ನಿಸಬಹುದು. ಆದರೆ ನೀರಿನ ಲೆಕ್ಕ ನೋಡಿ. ಒಬ್ಬರಿಗೆ ದಿನಕ್ಕೆ 100 ಲೀಟರ್, ಗಾಡಿಗೆ ಐದು ಜನ. 20 ಗಾಡಿಗೆ ದಿನಕ್ಕೆ 10,000 ಲೀಟರ್. ಏಪ್ರಿಲ್ ತಿಂಗಳಲ್ಲಿ, ಕಾಫಿಗೆ ನೀರು ಹಾಯಿಸಿ ಕೆರೆ ತಳ ಕಂಡಾಗ, ಅಷ್ಟು ನೀರು ಎಲ್ಲಿಂದ? ಆರು ಗಾಡಿಗೆ 3000 ಲೀಟರ್. ಇದನ್ನು ನಿಮ್ಮ ಬಾವಿ ಕೊಡಬಹುದು.

ನಿಮ್ಮ ಮುಂದಿರುವ ದಾರಿಗಳು ಮೂರು. ಸಾಲ ಮಾಡಿ 20 ಗಾಡಿ ಒಂದೇ ಸಲ ಮಾಡುವುದು. ವಾರಾಂತ್ಯ ತುಂಬುತ್ತದೆ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಾಟಿ ಬಂದ್, ಮಳೆ ಅಂತ ಖಾಲಿ ಕೂತರೂ ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ನಾನು ಇದಕ್ಕೆ ಒಪ್ಪುವುದಿಲ್ಲ. ಎರಡನೆಯದು, ಜಾಗವನ್ನು ಕ್ಯಾರವಾನ್ ಬಾಡಿಗೆಗೆ ಬಿಡುವ ಕಂಪನಿಗೆ ಲೀಸ್ ಕೊಡುವುದು. ತಲೆನೋವು ಕಡಿಮೆ. ಆದರೆ ಅವರು ಐದು ವರ್ಷಕ್ಕೆ ಬಿಟ್ಟು ಹೋದರೆ ಕಡಿದ ಗುಡ್ಡ, ಕೆಟ್ಟ ಇಂಗುಗುಂಡಿ ನಿಮಗೇ ಉಳಿಯುತ್ತದೆ. ಮಣ್ಣು ಕಡಿಯುವ ನಕ್ಷೆಗೆ ನಿಮ್ಮ ಒಪ್ಪಿಗೆ ಬೇಕು, ಬಿಡುವಾಗ ಹೇಗೆ ಬಿಡಬೇಕು ಅಂತ ಕರಾರಿನಲ್ಲಿ ಬರೆಸದೆ ಸಹಿ ಹಾಕಬೇಡಿ. ಮೂರನೆಯದು, ಮನೆಗೆ ಹತ್ತಿರದ, ಇಳಿಜಾರು ಕಡಿಮೆ ಇರುವ ಅರ್ಧ ಎಕರೆಯಲ್ಲಿ ಮೂರು ಗಾಡಿಯಿಂದ ಶುರು ಮಾಡಿ, ಆದರೆ ಪೈಪು, ಕೇಬಲ್, ತೊಟ್ಟಿ ಆರು ಗಾಡಿಯ ಅಳತೆಗೆ ಹಾಕಿಸುವುದು. ಆದಾಯ ನಿಧಾನ, ಮಗನಿಗೆ ಸ್ವಲ್ಪ ನಿರಾಸೆ ಆಗಬಹುದು. ಹೋಂಸ್ಟೇ ಅಡುಗೆಮನೆ, ಕೆಲಸದವರು ಈಗಾಗಲೇ ಇರುವುದರಿಂದ ಮೇಲಿನ ಖರ್ಚು ಕಡಿಮೆ. ನನ್ನ ಅಕ್ಕನ ತೋಟ ಆಗಿದ್ದರೂ ಇದನ್ನೇ ಹೇಳುತ್ತಿದ್ದೆ.

ಕಾಗದಪತ್ರಕ್ಕೆ ಮುಂಚೆಯೇ ಓಡಾಡಿ. ಕೃಷಿ ಜಮೀನನ್ನು ಬೇರೆ ಕೆಲಸಕ್ಕೆ ಬಳಸಲು 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಪರಿವರ್ತನೆ, ಪಂಚಾಯಿತಿ ಪರವಾನಗಿ, ಸೆಸ್ಕ್‌ನಿಂದ (ನಿಮ್ಮ ಕಡೆಯ ವಿದ್ಯುತ್ ನಿಗಮ) ವಾಣಿಜ್ಯ ಸಂಪರ್ಕ. ಗೇಟು ರಾಷ್ಟ್ರೀಯ ಹೆದ್ದಾರಿಗೆ ತೆರೆಯುವುದಾದರೆ ಅವರ ಅನುಮತಿ ಬೇರೆ. ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಪಟ್ಟಿಯಲ್ಲಿ ನಿಮ್ಮ ಊರು ಇದೆಯೇ ನೋಡಿಕೊಳ್ಳಿ. ಜೆಸಿಬಿ ಕರೆಸುವುದು ಇದಾದ ಮೇಲೆ.

ಈ ಮಳೆಗಾಲ ಯಾವ ಕೆಲಸವನ್ನೂ ಶುರು ಮಾಡಬೇಡಿ. ಜುಲೈನಲ್ಲಿ ಜೋರು ಮಳೆ ಬಂದ ಮಾರನೇ ದಿನ ಆ ಎರಡು ಎಕರೆಯನ್ನು ಛತ್ರಿ ಹಿಡಿದು ನಡೆದು, ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ಗೂಟ ನೆಟ್ಟು ಗುರುತು ಮಾಡಿ. ನಾಲ್ಕು ಕಡೆ ಮೂರಡಿ ಗುಂಡಿ ತೋಡಿಸಿ. ಮಳೆ ನಿಂತ ಮೇಲೂ ಗುಂಡಿಯಲ್ಲಿ ನೀರು ಇಳಿಯದೆ ನಿಂತರೆ ಅಲ್ಲಿ ಇಂಗುಗುಂಡಿ ಕೆಲಸ ಮಾಡುವುದಿಲ್ಲ. ನವೆಂಬರಿನಲ್ಲಿ ಮಗನಿಗೆ ಒಂದು ಕ್ಯಾರವಾನ್ ಬಾಡಿಗೆಗೆ ತರಲು ಹೇಳಿ, ನೀವು ಮನೆಯವರೆಲ್ಲ ಅದರಲ್ಲಿ ಎರಡು ರಾತ್ರಿ ಅದೇ ಜಾಗದಲ್ಲಿ ಮಲಗಿ, ಮನೆಯ ಬಚ್ಚಲು ಬಳಸದೆ. ಆಮೇಲೆ ಗೂಟಗಳ ಗುರುತು, ಗುಂಡಿಗಳ ಫೋಟೊ, ಜಾಗದ ಸರ್ವೆ ನಕ್ಷೆ ಕಳಿಸಿ. ಡಂಪ್ ಪಾಯಿಂಟ್ ಎಲ್ಲಿ ಬರಬೇಕು, ಮೊದಲ ಮೂರು ತಟ್ಟು ಎಲ್ಲಿ ಬರಬೇಕು ಅಂತ ನಾನು ಗುರುತು ಹಾಕಿ ಕೊಡುತ್ತೇನೆ.